ಅತಿರೇಕ ಯಾರದ್ದು?

ಜಾನ್ ಕ್ಯೂಸ್ಯಾಕ್ ನಟಿಸಿ, ಸಹಲೇಖಕರೂ ಆಗಿದ್ದ ‘ವಾರ್, ಇಂಕ್.’ (2008) ಚಿತ್ರವನ್ನು ಅಮೆರಿಕದ ಹಲವು ವಿಮರ್ಶಕರು ಅತಿರೇಕವೆಂದು ತಳ್ಳಿಹಾಕಿದರು. ವಿಡಂಬನೆಗೂ ಒಂದು ಹದ ಬೇಕೆಂಬುದು ಅವರ ತಕರಾರು.

ಹದ ತಪ್ಪಿದ್ದು ಯಾರು?

ಚಿತ್ರದಲ್ಲಿ ತುರಾಕಿಸ್ತಾನವೆಂಬ ಕಲ್ಪಿತ ದೇಶದ ಯುದ್ಧವನ್ನು ಟ್ಯಾಮರ್‌ಲೇನ್ ಕಂಪನಿ ಗುತ್ತಿಗೆ ಹಿಡಿಯುತ್ತದೆ. ಅದರ ಸೂತ್ರಧಾರ ಅಮೆರಿಕದ ಮಾಜಿ ಉಪಾಧ್ಯಕ್ಷ. ನಿಜದಲ್ಲಿ, 2000ದವರೆಗೆ ತೈಲಸೇವಾ ಕಂಪನಿ ಹ್ಯಾಲಿಬರ್ಟನ್‌ನ ಮುಖ್ಯಸ್ಥರಾಗಿದ್ದ ಡಿಕ್ ಚೆನಿ ಉಪಾಧ್ಯಕ್ಷರಾಗಿದ್ದಾಗಲೇ, 2003ರಲ್ಲಿ, ಅದರ ಅಂಗಸಂಸ್ಥೆ ಕೆಬಿಆರ್‌ಗೆ ಇರಾಕಿನ ತೈಲಘಟಕಗಳ ದುರಸ್ತಿ ಕೆಲಸ ಟೆಂಡರ್ ಪೈಪೋಟಿಯಿಲ್ಲದೆ ದಕ್ಕಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಆಕ್ರಮಿತ ಇರಾಕಿನ ಅಮೆರಿಕನ್ ಆಡಳಿತಗಾರ ಪಾಲ್ ಬ್ರೆಮರ್ ಹೊರಡಿಸಿದ 39ನೇ ಆದೇಶ, ತೈಲದಂಥ ಕೆಲವು ಕ್ಷೇತ್ರಗಳನ್ನು ಬಿಟ್ಟು, ಇರಾಕಿ ಉದ್ಯಮಗಳಲ್ಲಿ ವಿದೇಶಿಯರಿಗೆ ಶೇ. 100 ಒಡೆತನ ಕೊಟ್ಟಿತು. ಈ ಹರಾಜಿನ ಬಗ್ಗೆ ಪತ್ರಕರ್ತೆ ನವೋಮಿ ಕ್ಲೈನ್ 2004ರಲ್ಲಿ ‘ಹಾರ್ಪರ್ಸ್’ ಪತ್ರಿಕೆಗೆ ಬರೆದ ವರದಿಯೇ ಚಿತ್ರಕ್ಕೆ ಪ್ರೇರಣೆ.

ಚಿತ್ರದ ಬಾಡಿಗೆ ಬಂದೂಕುಗಳೂ ಕಟ್ಟುಕಥೆಯಲ್ಲ. 2007ರ ಸೆಪ್ಟೆಂಬರ್ 16ರಂದು ಬಾಗ್ದಾದಿನ ನಿಸೂರ್ ಚೌಕದಲ್ಲಿ ಅಮೆರಿಕದ ಖಾಸಗಿ ಭದ್ರತಾ ಕಂಪನಿ ಬ್ಲ್ಯಾಕ್‌ವಾಟರ್‌ನ ಕಾವಲುಗಾರರು 17 ನಾಗರಿಕರನ್ನು ಕೊಂದರು. ಶಿಕ್ಷೆಗೊಳಗಾದ ನಾಲ್ವರಿಗೆ 2020ರಲ್ಲಿ ಡೊನಾಲ್ಡ್ ಟ್ರಂಪ್ ಕ್ಷಮಾದಾನ ನೀಡಿದರು.

ಕೊನೆಯ ಭಾಗದ ಕೌಟುಂಬಿಕ ಮೆಲೋಡ್ರಾಮಾ ಸಡಿಲ, ನಿಜ. ಅದನ್ನು ಟೀಕಿಸಲಿ. ಆದರೆ ಚಿತ್ರದಲ್ಲಿ ಜಾಹೀರಾತು ಅಂಟಿಸಿಕೊಂಡು ಓಡಾಡುವ ಟ್ಯಾಂಕುಗಳನ್ನು ನಂಬಲಾಗದು ಎನ್ನುವವರು ಇರಾಕಿನ ಆ ಗುತ್ತಿಗೆಗಳ ಕಡತವನ್ನೊಮ್ಮೆ ತಿರುವಿಹಾಕಬೇಕಿತ್ತು.