ಗಾಜು ಉಜ್ಜುವ ಗೃಹಸ್ಥರು

ಹೊಟ್ಟೆಪಾಡಿಗಾಗಿ ದುಡಿಯುವವನಿಗೆ ಹವ್ಯಾಸವೇಕೆ ಎಂದು ಕೇಳುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರ ಮಾತಿನಲ್ಲಿ ಅರ್ಥವಿಲ್ಲದೆ ಇಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಇಡ್ಲಿಯ ಪಾತ್ರೆಯನ್ನು ಒಲೆಗೇರಿಸುವವನು, ರಾತ್ರಿ ಹನ್ನೊಂದಕ್ಕೆ ಕಡೆಯ ಮೇಜನ್ನು ಒರೆಸಿ ಕಲ್ಯಾಣದ ಲೋಕಲ್ ಗಾಡಿ ಹಿಡಿಯುವವನು, ಪಾಳಿ ಬದಲಾದಂತೆಲ್ಲ ಹಗಲು ರಾತ್ರಿಗಳನ್ನು ಅದಲುಬದಲು ಮಾಡಿಕೊಂಡು ಮಗ್ಗದ ಮುಂದೆ ನಿಲ್ಲುವವನು—ಇವರಿಗೆಲ್ಲ ನಿದ್ದೆಯೇ ಪರಮ ಹವ್ಯಾಸ. ಆದರೆ ಹುಚ್ಚು ಹತ್ತುವುದಕ್ಕೆ ಮೊದಲು ಬಿಡುವಿದೆಯೇ ಎಂದು ವಿಚಾರಿಸಿ ಬರುವುದಿಲ್ಲ. ಒಬ್ಬನಿಗೆ ಚೋರ್ ಬಜಾರಿನ ನಿಂತುಹೋದ ಗಡಿಯಾರಗಳ ಹುಚ್ಚು. ಇನ್ನೊಬ್ಬನಿಗೆ ಲ್ಯಾಮಿಂಗ್ಟನ್ ರಸ್ತೆಯಿಂದ ತಂತಿಗಳನ್ನು ತಂದು ರೇಡಿಯೋ ಬಿಚ್ಚಿ ಕೂಡಿಸುವ ಹುಚ್ಚು. ಮತ್ತೊಬ್ಬನಿಗೆ ಚದುರಂಗದ ಹುಚ್ಚು. ಈ ಲೇಖನ ಬರೆಯುವ ನಾವು ಎರಡು ಮಕ್ಕಳ ತಂದೆ. ಮಗನಿಗೆ ಏಳು ವರ್ಷ, ಮಗಳಿಗೆ ಈಗ ಹಲ್ಲು ಬರುತ್ತಿದೆ. ನಮ್ಮ ಹುಚ್ಚು ದುರ್ಬೀನಿನದು. ಅದೂ ಕೊಂಡು ತರುವ ಹುಚ್ಚಲ್ಲ, ಕೈಯಾರೆ ಮಾಡುವ ಹುಚ್ಚು.

ದುರ್ಬೀನು ಮಾಡುವುದೆಂದರೆ ಏನೋ ವಿಲಾಯತಿ ವಿದ್ಯೆಯೆಂದು ವಾಚಕರು ಅಂಜಬೇಕಾಗಿಲ್ಲ. ಒರಳಿನಲ್ಲಿ ಹಿಟ್ಟು ರುಬ್ಬಿದವನಿಗೆ ಅದರ ಅರ್ಧ ವಿದ್ಯೆ ಬಂದೇ ಇರುತ್ತದೆ. ಆರು ಅಂಗುಲ ಅಗಲದ ಎರಡು ದಪ್ಪ ಗಾಜಿನ ಬಿಲ್ಲೆಗಳನ್ನು ತೆಗೆದುಕೊಳ್ಳಬೇಕು. ಒಂದನ್ನು ಮೇಜಿನ ಮೇಲೆ ಕದಲದಂತೆ ಕೂರಿಸಿ, ಅದರ ಮೇಲೆ ಕಾರ್ಬೊರಂಡಂ ಪುಡಿ ಮತ್ತು ನೀರು ಹಾಕಿ, ಎರಡನೆಯದನ್ನು ಮೇಲಿಟ್ಟು ಹಿಂದಕ್ಕೂ ಮುಂದಕ್ಕೂ ಉಜ್ಜಬೇಕು. ಉಜ್ಜುತ್ತ ಉಜ್ಜುತ್ತ ಮೇಜಿನ ಸುತ್ತ ಪ್ರದಕ್ಷಿಣೆ ಬರಬೇಕು. ಕೈಯಲ್ಲಿನ ಗಾಜನ್ನೂ ಆಗಾಗ ತಿರುಗಿಸುತ್ತಿರಬೇಕು. ಗಂಟೆಗಟ್ಟಲೆ ಹೀಗೆ ಮಾಡಿದರೆ ಮೇಲಿನ ಗಾಜು ನಡುವೆ ತಗ್ಗುತ್ತದೆ, ಕೆಳಗಿನದು ಉಬ್ಬುತ್ತದೆ. ತಗ್ಗಿದ್ದೇ ಮುಂದೆ ಕನ್ನಡಿಯಾಗುವುದು. ನಾಲ್ಕು ಅಡಿ ದೂರದಲ್ಲಿ ನಕ್ಷತ್ರದ ಬೆಳಕು ಒಂದೆಡೆ ಕೂಡಬೇಕಾದರೆ ಆ ತಗ್ಗು ಎಷ್ಟಿರಬೇಕು, ಬಲ್ಲಿರಾ? ಸುಮಾರು 1.2 ಮಿಲಿಮೀಟರು! ಇಷ್ಟಕ್ಕಾಗಿ ಅಷ್ಟೆಲ್ಲ ಪ್ರದಕ್ಷಿಣೆ.

ಒರಟು ಪುಡಿಯ ಕೆಲಸ ಮುಗಿದ ಮೇಲೆ ನಯವಾದ ಪುಡಿ, ಅದಾದ ಮೇಲೆ ಇನ್ನೂ ನಯವಾದದ್ದು. ಇಡ್ಲಿ ರವೆ, ಚಿರೋಟಿ ರವೆ, ಮೈದಾ ಎನ್ನುವ ಹಾಗೆ. ಪುಡಿ ಬದಲಾಯಿಸುವಾಗಲೆಲ್ಲ ಕೈ, ಮೇಜು, ಬಟ್ಟೆ, ಬಾಲ್ದಿ ಎಲ್ಲವನ್ನೂ ತೊಳೆಯತಕ್ಕದ್ದು. ಹಿಂದಿನ ಪುಡಿಯ ಒಂದೇ ಒಂದು ಕಣ ಉಳಿದಿದ್ದರೂ ಅದು ಗಾಜಿನ ಮೇಲೆ ಗೀರು ಎಳೆದು ವಾರದ ಶ್ರಮವನ್ನು ನೀರುಪಾಲು ಮಾಡುತ್ತದೆ. ನಾವು ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆಯುತ್ತಿದ್ದುದನ್ನು ನೋಡಿ ನಮ್ಮ ಮನೆಯಾಕೆ ಹೇಳಿದ್ದು: “ಮಗುವನ್ನು ಎತ್ತಿಕೊಳ್ಳುವಾಗ ಲುಂಗಿಗೆ ಕೈ ಒರೆಸಿದರೆ ಸಾಕು. ಗಾಜು ಮುಟ್ಟುವುದಕ್ಕೆ ಮಾತ್ರ ಇಷ್ಟು ಮಡಿ! ನೀವು ಎಂಥ ಜನ ಮಾರಾಯ್ರೆ?” ದುರ್ಬೀನಿನ ಮೇಲೆ ಪುಸ್ತಕ ಬರೆದ ಯಾವ ಪಂಡಿತನೂ ಈ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ.

ಪುಸ್ತಕಗಳಲ್ಲಿ ಇಲ್ಲದ ಸಂಗತಿ ಇನ್ನೊಂದಿದೆ. ಮೇಜಿನ ಸುತ್ತ ತಿರುಗಬೇಕೆಂಬ ನಿಯಮ ಮಾಡಿದವನು ಹತ್ತಡಿ ಹನ್ನೆರಡಡಿಯ ಖೋಲಿಯಲ್ಲಿ ಸಂಸಾರ ಹೂಡಿದವನಲ್ಲ. ನಮ್ಮ ಮನೆಯ ಮೇಜಿಗೆ ಒಂದು ಕಡೆ ಗೋಡೆ, ಒಂದು ಕಡೆ ಕಪಾಟು, ಒಂದು ಕಡೆ ತೊಟ್ಟಿಲು. ಉಳಿದ ಒಂದು ಕಡೆಯಲ್ಲಿ ಮಗನ ಮನೆಪಾಠವೂ ಸಂಜೆಯ ನೀರುಳ್ಳಿಯೂ ಸರದಿ ಕಾಯುತ್ತವೆ. ಆದಕಾರಣ ಒಂದು ಖಾಲಿ ಎಣ್ಣೆ ಡ್ರಮ್ಮಿಗೆ ಮರಳು ತುಂಬಿ, ಚಾಳಿನ ಗ್ಯಾಲರಿಯಲ್ಲಿ ನಿಲ್ಲಿಸಿ, ಅದರ ಸುತ್ತ ತಿರುಗಿದೆವು. ಪಕ್ಕದ ಖೋಲಿಯ ಮಾವಶಿ ಮೂರು ದಿನ ಸುಮ್ಮನೆ ನೋಡಿದರು. ನಾಲ್ಕನೆಯ ದಿನ ಒಂದು ಡಬ್ಬಿ ನೆನೆಸಿದ ಉದ್ದಿನ ಬೇಳೆ ತಂದಿಟ್ಟು, ಹೇಗೂ ರುಬ್ಬುತ್ತಿದ್ದೀರಲ್ಲ, ಇದೂ ಒಂದಾಗಿ ಹೋಗಲಿ ಎಂದರು.

ಇರಲಿ. ಗೃಹಸ್ಥನ ಹುಚ್ಚಿನಿಂದ ಮನೆಯವರು ಪಡುವ ಪಾಡು ಹೊಸದೇನಲ್ಲ. ವಿಲಿಯಂ ಹರ್ಷೆಲ್ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ವಾದ್ಯ ನುಡಿಸಿ, ಸಂಗೀತ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದವನು. 1781ರ ಮಾರ್ಚ್ 13ರ ರಾತ್ರಿ, ತಾನೇ ಮಾಡಿದ ದುರ್ಬೀನಿನಲ್ಲಿ ಅವನು ಯುರೇನಸ್ ಗ್ರಹವನ್ನು ಕಂಡನು. ಲೋಕಕ್ಕೆ ಇಷ್ಟು ಗೊತ್ತು. ಮನೆಯೊಳಗಿನ ಕಥೆ ಅವನ ತಂಗಿ ಕೆರೋಲಿನ್ ಬರೆದಿಟ್ಟ ನೆನಪುಗಳಲ್ಲಿದೆ. ಕೋಣೆ ಕೋಣೆಯೂ ಕಾರ್ಖಾನೆಯಾಗಿತ್ತು. ಕನ್ನಡಿಗೆ ಮೆರುಗು ಕೊಡುವಾಗ ಒಮ್ಮೆ ಅಣ್ಣ 16 ಗಂಟೆಗಳ ಕಾಲ ಅದರ ಮೇಲಿಂದ ಕೈ ತೆಗೆಯಲಿಲ್ಲ. ತಂಗಿಯೇ ತುತ್ತು ಮಾಡಿ ಬಾಯಿಗೆ ಇಡಬೇಕಾಯಿತು. ಲೋಹದ ಕನ್ನಡಿಯ ಅಚ್ಚಿಗಾಗಿ ಕುದುರೆಯ ಲದ್ದಿಯನ್ನು ಕುಟ್ಟಿ ಜರಡಿ ಹಿಡಿಯುವ ಕೆಲಸದಲ್ಲಿಯೂ ಆಕೆಗೆ ಪಾಲು ಬಂತು. ಎರಕದ ದಿನ ಕಾದ ಲೋಹ ಸೋರಿ ನೆಲದ ಚಪ್ಪಡಿಗಳು ಸಿಡಿದಾಗ, ಅಣ್ಣನೂ ಎರಕದವನೂ ಎದುರುಬದುರು ಬಾಗಿಲುಗಳಿಂದ ಓಡಿದರಂತೆ! ನಮ್ಮ ಗ್ಯಾಲರಿಯ ಡ್ರಮ್ಮು ಇದರ ಮುಂದೆ ಪರಮ ಸಾಧು ಪ್ರಾಣಿ.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ನಾವು ಹೇಳಬೇಕೆಂದಿರುವುದು ಅದರ ಮುಂದಿನ ಭಾಗವನ್ನೇ. ಅಣ್ಣ ಆಕೆಗೆಂದೇ ಒಂದು ಸಣ್ಣ ದುರ್ಬೀನು ಮಾಡಿಕೊಟ್ಟನು. 1786ರ ಆಗಸ್ಟ್ 1ರಂದು, ಅಣ್ಣ ಊರಲ್ಲಿಲ್ಲದಾಗ, ಆಕೆ ಆಕಾಶದಲ್ಲಿ ಹೊಸದೊಂದು ಧೂಮಕೇತುವನ್ನು ಕಂಡುಹಿಡಿದಳು. ಹೀಗೆ ಒಟ್ಟು ಎಂಟು ಧೂಮಕೇತುಗಳು ಆಕೆಯ ಪಾಲಿಗೆ ಬಂದವು. 1787ರಲ್ಲಿ ಅಲ್ಲಿಯ ರಾಜನು ಆಕೆಗೆ ವರ್ಷಕ್ಕೆ 50 ಪೌಂಡು ಸಂಬಳ ಗೊತ್ತುಮಾಡಿದನು. ತುತ್ತು ಇಡುವ ಕೈಗೆ ದುರ್ಬೀನು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮ್ಮ ಕಾರ್ಮಿಕ ಬಂಧುಗಳಿಗೆ ಬಿಡುವಿನ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಈ ನಗರದ ಗಿರಣಿ ಕೆಲಸಗಾರರನ್ನು ಕೂಡಿಸಿ ವಾರಕ್ಕೊಂದು ರಜೆ ಬೇಕೆಂದು ಕೇಳಿದರು; 1890ರ ಜೂನ್ 10ರಂದು ಭಾನುವಾರದ ರಜೆ ದಕ್ಕಿತು. 1948ರ ಕಾರ್ಖಾನೆ ಕಾಯಿದೆಯಲ್ಲಿ ವಾರಕ್ಕೆ 48 ಗಂಟೆ ಎಂಬ ಮಿತಿ ಬಂತು. ಹೊಟೇಲಿನವರಾದ ನಮಗೆ ರಜೆ ಬುಧವಾರವೋ ಗುರುವಾರವೋ, ಅಂತೂ ಒಂದು ದಿನ ಇದೆ. ಇಷ್ಟೆಲ್ಲ ಹೋರಾಡಿ ಪಡೆದ ಈ ದಿನವನ್ನು ಮನೆಯಾಕೆಗೆ ಯಾವ ಕಾಯಿದೆ ಮಂಜೂರು ಮಾಡಿದೆ? ಗಂಡನ ರಜೆಯ ದಿನವೆಂದರೆ ಆಕೆಗೆ ಎರಡು ಚಹಾ ಹೆಚ್ಚು, ಒಂದು ತಿಂಡಿ ಹೆಚ್ಚು, ಗಂಡನ ಸ್ನೇಹಿತರು ಬಂದರೆ ಲೋಟಗಳು ಹೆಚ್ಚು. ಗಂಡನ ಹವ್ಯಾಸ ಆಕೆಯ ಓವರ್‌ಟೈಮ್ ಆಗಿಬಿಡುತ್ತದೆ. ಆ ಓವರ್‌ಟೈಮಿಗೆ ಭತ್ಯೆಯೂ ಇಲ್ಲ. ಮಾಲಿಕನು ನಮ್ಮ ರಜೆಯನ್ನು ನುಂಗಿದರೆ ಸಭೆ ಕೂಡುವ ನಾವು, ನಮ್ಮ ಖೋಲಿಯೊಳಗೆ ಮಾಲಿಕರಂತೆ ನಡೆಯುವುದು ಯಾವ ನ್ಯಾಯ?

ನಮ್ಮ ಮನೆಯಲ್ಲಿ ಇದಕ್ಕೊಂದು ಒಪ್ಪಂದವಾಗಿದೆ. ರಜೆಯ ದಿನ ಬೆಳಗಿನ ಹೊತ್ತು ಗಾಜು ನಮ್ಮದು. ಮಧ್ಯಾಹ್ನ ಎರಡರಿಂದ ಆರರವರೆಗೆ ಮನೆ, ಮಕ್ಕಳು, ಒಲೆ, ತೊಟ್ಟಿಲು ಎಲ್ಲವೂ ನಮ್ಮದು. ಆ ನಾಲ್ಕು ಗಂಟೆ ಆಕೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಆಗ ತಿಳಿದ ಸ್ವಾರಸ್ಯವೇನೆಂದರೆ, ಹುಚ್ಚು ನಮ್ಮೊಬ್ಬರ ಸೊತ್ತಲ್ಲ. ಆಕೆಗೆ ರಂಗೋಲಿಯ ಹುಚ್ಚು. ಅದೂ ಬಣ್ಣದ್ದಲ್ಲ, ಲೆಕ್ಕದ್ದು. ಇಷ್ಟು ಚುಕ್ಕಿ ಇಟ್ಟರೆ ಕೈ ಎತ್ತದೆ, ಎಳೆದ ಗೆರೆಯ ಮೇಲೆ ಮತ್ತೆ ಎಳೆಯದೆ, ಒಂದೇ ಎಳೆಯಲ್ಲಿ ಮುಗಿಸಬಹುದೇ ಎಂಬ ಶೋಧನೆ. ಗೆರೆಗಳು ಕೂಡುವ ಜಾಗಗಳನ್ನು ಎಣಿಸಬೇಕು. ಬೆಸ ಸಂಖ್ಯೆಯ ಗೆರೆಗಳು ಸೇರುವ ಜಾಗ ಎರಡಕ್ಕಿಂತ ಹೆಚ್ಚಿದ್ದರೆ ಒಂದೇ ಎಳೆಯಲ್ಲಿ ಆಗದು ಎಂದು ಆಕೆ ಹಳೆಯ ಬಿಲ್ಲು ಪುಸ್ತಕದ ಹಿಂಬದಿಯಲ್ಲಿ ಬರೆದು ಬರೆದು ಕಂಡುಕೊಂಡಿದ್ದಳು. ಊರಿನ ಸೇತುವೆಗಳನ್ನೆಲ್ಲ ಒಂದೊಂದೇ ಸಲ ದಾಟಿ ಬರಬಹುದೇ ಎಂಬ ಒಗಟಿಗೆ ಉತ್ತರವಾಗಿ 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞನು ತೋರಿಸಿಕೊಟ್ಟ ತತ್ತ್ವವೂ ಇದೇ. ಅದಕ್ಕೆ ಗಾಜು ಬೇಡ, ಪುಡಿ ಬೇಡ, ಡ್ರಮ್ಮು ಬೇಡ. ಖರ್ಚಿನಲ್ಲಿಯೂ ಶುಚಿಯಲ್ಲಿಯೂ ಆಕೆಯ ಹುಚ್ಚು ನಮ್ಮದಕ್ಕಿಂತ ಮೇಲು ಎಂಬುದನ್ನು ಇಲ್ಲಿ ದಾಖಲು ಮಾಡುತ್ತೇವೆ.

ಇನ್ನು ಮಕ್ಕಳ ವಿಷಯ. ಈಗ ಎಲ್ಲವೂ ಮೊಬೈಲಿನಲ್ಲಿ ಕಾಣುತ್ತದಲ್ಲ, ಗಾಜು ಉಜ್ಜಿ ಸಾಯುವುದೇಕೆ ಎನ್ನುವವರುಂಟು. ಮೊಬೈಲಿನಲ್ಲಿ ಶನಿಗ್ರಹ ನಿಜಕ್ಕಿಂತ ಚೆನ್ನಾಗಿಯೇ ಕಾಣುತ್ತದೆ, ಅದೇ ತೊಂದರೆ. ಬೆರಳು ಸರಿಸಿದರೆ ಶನಿ ಹೋಗಿ ಸಿನಿಮಾ ಬರುತ್ತದೆ. ಚಾಳಿನ ಮಹಡಿಯ ಮೇಲೆ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಒಂದು ಕಣ್ಣು ಮುಚ್ಚಿ ನೋಡಿದ ನಮ್ಮ ಮಗ, “ಅಪ್ಪ, ಇದು ಉದ್ದಿನ ವಡೆ!” ಎಂದು ಕೂಗಿದನು. ಹೊಟೇಲಿನವನ ಮಗ ಮತ್ತೇನು ಹೇಳಿಯಾನು? ಆದರೆ ಆ ವಡೆಯ ನಡುವೆ ಉಂಡೆ ಏಕಿದೆ, ವಡೆ ಕೆಳಗೆ ಏಕೆ ಬೀಳುವುದಿಲ್ಲ ಎಂದು ಅವನು ಈಗಲೂ ಕೇಳುತ್ತಲೇ ಇದ್ದಾನೆ. ಪ್ರಶ್ನೆ ಹುಟ್ಟಿತಲ್ಲ, ಅದೇ ಲಾಭ. 1610ರ ಜನವರಿಯಲ್ಲಿ ಗೆಲಿಲಿಯೋ ಕಂಡ ಗುರುಗ್ರಹದ ನಾಲ್ಕು ಚಂದ್ರರನ್ನು ಈ ನಗರದ ದೀಪಗಳ ಬೆಳಕಿನ ನಡುವೆಯೂ ಕಾಣಬಹುದು. ನಮ್ಮ ಚಂದ್ರನ ಮೇಲಿನ ಕುಳಿಗಳನ್ನಂತೂ ಎಣಿಸಬಹುದು. ಒಂದು ಎಚ್ಚರಿಕೆ ಮಾತ್ರ: ಸೂರ್ಯನ ಕಡೆಗೆ ದುರ್ಬೀನು ತಿರುಗಿಸಲೇ ಕೂಡದು, ಕ್ಷಣದಲ್ಲಿ ಕಣ್ಣು ಹೋದೀತು. ಹಗಲಿನಲ್ಲಿ ಅದನ್ನು ಮಕ್ಕಳ ಕೈಗೆ ಕೊಡತಕ್ಕದ್ದಲ್ಲ.

ಇದೆಲ್ಲ ದುಡ್ಡಿದ್ದವರ ಆಟ ಎಂಬ ಆಕ್ಷೇಪಣೆಗೆ ಎರಡು ಉದಾಹರಣೆ ಸಾಕು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಸಣ್ಣ ಕೈಗಾರಿಕಾ ಊರಿನಲ್ಲಿ 1920ರಲ್ಲಿ ರಸೆಲ್ ಪೋರ್ಟರ್ ಎಂಬವನು 15 ಗಂಡಸರಿಗೂ ಒಬ್ಬ ಹೆಂಗಸಿಗೂ ಕನ್ನಡಿ ಉಜ್ಜುವುದನ್ನು ಕಲಿಸಿದನು. ಅವರಲ್ಲಿ ಹೆಚ್ಚಿನವರು ಯಂತ್ರದ ಕಾರ್ಖಾನೆಯಲ್ಲಿ ದುಡಿಯುವವರು. ಅವರು ಕಟ್ಟಿದ ಸಂಘದ ದೆಸೆಯಿಂದ ಈ ಹವ್ಯಾಸ ದೇಶವೆಲ್ಲ ಹಬ್ಬಿತು. ಎರಡನೆಯವನು ಜಾನ್ ಡಾಬ್ಸನ್. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ವೇದಾಂತ ಮಠವನ್ನು ಸೇರಿ ಸನ್ಯಾಸಿಯಾದ ಈತನು ಬೇಡವಾದ ದಪ್ಪ ಗಾಜಿನಿಂದ ಕನ್ನಡಿ ಮಾಡಿ, ರಟ್ಟಿನ ಕೊಳವೆ ಮತ್ತು ಪ್ಲೈವುಡ್ಡಿನಿಂದ ದುರ್ಬೀನು ಕಟ್ಟಿ, ಬೀದಿಯಲ್ಲಿ ಹೋಗುವವರನ್ನು ಕರೆದು ಆಕಾಶ ತೋರಿಸಿದನು. ಈ ಹುಚ್ಚಿನ ದೆಸೆಯಿಂದ 1967ರಲ್ಲಿ ಮಠವನ್ನು ಬಿಡಬೇಕಾಯಿತು. ಸನ್ಯಾಸಿಯನ್ನೇ ಬಿಡದ ಹುಚ್ಚು ಸಂಸಾರಿಯನ್ನು ಬಿಟ್ಟೀತೆ?

ಆದಕಾರಣ ನಮ್ಮ ಸಂಘದ ಮುಂದೆ ಕೆಲವು ಸೂಚನೆಗಳನ್ನು ಇಡುತ್ತೇವೆ. ನಮ್ಮ ಹಿರಿಯರು ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತರು. ಖೋಲಿಯಲ್ಲಿ ಇಲ್ಲದ ಜಾಗವನ್ನು ಆಗ ಸಂಘ ಸಂಸ್ಥೆಗಳು ಒದಗಿಸಿಕೊಟ್ಟವು. ಅದೇ ರೀತಿ ಸಂಘದ ಕೋಣೆಯಲ್ಲಿ ಒಂದು ಗಟ್ಟಿ ಮೇಜು, ಬೀಗವಿರುವ ಒಂದು ಕಪಾಟು ಇರಲಿ. ಗಾಜು ಉಜ್ಜುವವನು, ಗಡಿಯಾರ ಬಿಚ್ಚುವವನು, ರೇಡಿಯೋ ಕೂಡಿಸುವವನು ಅಲ್ಲಿ ತಮ್ಮ ಸಾಮಾನು ಇಡಲಿ. ಮನೆಯ ಮೇಜು ನೀರುಳ್ಳಿಗೂ ಮನೆಪಾಠಕ್ಕೂ ಉಳಿಯಲಿ. ಕಪಾಟಿನಲ್ಲಿ ನಾಲ್ಕು ಕನ್ನಡ ಪುಸ್ತಕಗಳೂ ಇರಲಿ. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು 1936ರಷ್ಟು ಹಿಂದೆಯೇ ಹೊರತಂದವರಲ್ಲವೆ? ತಿಂಗಳಿಗೊಂದು ರಾತ್ರಿ ಯಾವುದಾದರೊಂದು ಚಾಳಿನ ಮಹಡಿಯ ಮೇಲೆ ಸಂಸಾರ ಸಮೇತ ಕೂಡೋಣ. ವರ್ಷಕ್ಕೊಮ್ಮೆ ಮಕ್ಕಳನ್ನು ವರ್ಳಿಯಲ್ಲಿ 1977ರಲ್ಲಿ ತೆರೆದ ನೆಹರೂ ತಾರಾಲಯಕ್ಕೆ ಕರೆದೊಯ್ಯೋಣ.

ಕೊನೆಯ ಸೂಚನೆ ಎಲ್ಲಕ್ಕಿಂತ ಮುಖ್ಯವಾದದ್ದು. ಮಹಡಿಯ ಮೇಲಿನ ಸಾಲಿನಲ್ಲಿ ಮೊದಲು ಹೆಂಗಸರು, ಆಮೇಲೆ ಮಕ್ಕಳು, ಕಡೆಗೆ ಗಂಡಸರು. ಆ ರಾತ್ರಿ ಚಹಾ ಮಾಡುವ ಕೆಲಸವೂ ಗಂಡಸರದೇ. ಸಾವಿರಾರು ಜನಕ್ಕೆ ಚಹಾ ಮಾಡಿಕೊಟ್ಟ ಕೈಗಳು ನಮ್ಮವು. ಮನೆಯವರಿಗೆ ಒಂದು ಲೋಟ ಮಾಡಿಕೊಡಲು ಬಾರದು ಎಂದರೆ ಯಾರು ನಂಬುತ್ತಾರೆ?