ಸರಪಳಿ ಬಿಚ್ಚಿ ಬಿಟ್ಟರೆ ಅಹಿಂಸೆಯಾಗದು

ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವುದು, ಇರುವೆಯನ್ನು ಕಂಡು ಹೆಜ್ಜೆ ತಪ್ಪಿಸುವುದು ಇವೆಲ್ಲ ಶ್ರಾವಕನ ನಿತ್ಯಾಚಾರಗಳು. ಇವುಗಳ ಪಾಲನೆ ಬಹುಮಟ್ಟಿಗೆ ಅಭ್ಯಾಸಬಲದಿಂದ ನಡೆದುಹೋಗುತ್ತದೆ. ಅಹಿಂಸಾಣುವ್ರತದ ನಿಜವಾದ ಪರೀಕ್ಷೆ ಬರುವುದು, ವ್ರತಿಯ ಮನಸ್ಸಿನಲ್ಲಿ ಭಯವೂ ಕೋಪವೂ ಏಕಕಾಲಕ್ಕೆ ಎದ್ದಾಗ. ಹಲವು ವರ್ಷ ಸಾಧುವಾಗಿ ಬಾಲವಾಡಿಸಿಕೊಂಡಿದ್ದ ಮನೆಯ ನಾಯಿ ಒಂದು ಸಂಜೆ ಮನೆಯ ಮಗುವಿಗೇ ಬಾಯಿ ಹಾಕಿದಾಗ ಅಂಥದೊಂದು ಪರೀಕ್ಷೆ ಒದಗುತ್ತದೆ. ಆ ಪರೀಕ್ಷೆಯಲ್ಲಿ ಶ್ರಾವಕ ಸಮಾಜದ ಎಷ್ಟು ಮನೆಗಳು ತೇರ್ಗಡೆಯಾಗುತ್ತವೆ ಎಂಬುದನ್ನು ಧೈರ್ಯವಾಗಿ ವಿಚಾರಿಸಬೇಕಾಗಿದೆ.

ಕೋಲಾರದ ಚಿನ್ನದ ಗಣಿ ಪ್ರದೇಶದ ರಾಬರ್ಟ್‌ಸನ್‌ಪೇಟೆಯಲ್ಲಿ ಅಂಥ ಮನೆಯೊಂದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಮುಂದೆ ಅಂಗಡಿ, ಹಿಂದೆ ಮನೆ, ಹಿತ್ತಲಲ್ಲಿ ಎಂಟು ವರ್ಷದ ಬಿಳಿಯ ಪೊಮೇರಿಯನ್. ಮಲಗಿದ್ದ ನಾಯಿಯ ಕಿವಿಯನ್ನು ಮೊಮ್ಮಗ ಎಂದಿನಂತೆ ಹಿಡಿದೆಳೆಯುತ್ತಾನೆ. ನಾಯಿ ಎಂದಿನಂತಿರದೆ ಕಚ್ಚುತ್ತದೆ. ಗಾಯಕ್ಕೆ ಅರಿಶಿನ ಮೆತ್ತಲಾಗುತ್ತದೆ. ರಾತ್ರಿ ಹಿರಿಯರು ಸೇರಿ ನಿರ್ಣಯಿಸುತ್ತಾರೆ: ಕೊಲ್ಲುವುದು ಮಹಾಪಾಪ, ಆದ್ದರಿಂದ ಬಂಗಾರಪೇಟೆಯ ಆಚೆ ಎಲ್ಲಾದರೂ ಬಿಟ್ಟುಬರುವುದು. ನಸುಕಿನಲ್ಲಿ ವಾಹನ ಹೊರಡುತ್ತದೆ, ಸರಪಳಿ ಬಿಚ್ಚಲಾಗುತ್ತದೆ. “ಕೊಂದಿಲ್ಲವಲ್ಲ, ಬಿಟ್ಟೆವು ಅಷ್ಟೆ” ಎಂಬ ಸಮಾಧಾನದೊಡನೆ ಮನೆ ಮತ್ತೆ ಪೂಜೆಗೆ ಕುಳಿತುಕೊಳ್ಳುತ್ತದೆ.

ಈ ಸಮಾಧಾನದ ಮಾತೇ ಖಂಡನೆಗೆ ಅರ್ಹವಾದುದು. ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯ ವ್ಯವಹಾರ ತಿಳಿಯದು. ಪ್ರತಿ ಬೀದಿಯೂ ಆಗಲೇ ಒಂದೊಂದು ನಾಯಿಗುಂಪಿನ ಸೀಮೆಯಾಗಿರುತ್ತದೆ. ಹೊಸತಾಗಿ ಬಂದ ಒಂಟಿ ನಾಯಿಗೆ ಅಲ್ಲಿ ಅನ್ನವೂ ಇಲ್ಲ, ನೆರಳೂ ಇಲ್ಲ. ಹಸಿವು, ಕಾದಾಟ, ರಸ್ತೆ, ರೈಲುಹಳಿ ಇವುಗಳಲ್ಲಿ ಯಾವುದಾದರೊಂದು ಅದನ್ನು ಕೊಲ್ಲುತ್ತದೆ. ಸಾಯುವ ಮುನ್ನ ಅದು ಇನ್ನೊಂದು ಮಗುವನ್ನು ಕಚ್ಚಬಹುದು. ಆ ಮಗು ಕೂಲಿಯವನ ಮಗುವಾಗಿದ್ದರೆ ಅವನಿಗೆ ನಾಯಿಯ ಗುರುತೂ ಸಿಗದು, ಅದಕ್ಕೆ ಲಸಿಕೆ ಹಾಕಿಸಿತ್ತೇ ಎಂದು ಕೇಳಲು ಯಜಮಾನನೂ ಸಿಗನು. ತನ್ನ ಅಂಗಳದ ಅಪಾಯವನ್ನು ಬಡವನ ಅಂಗಳಕ್ಕೆ ದಾಟಿಸಿ ಕೈತೊಳೆದುಕೊಳ್ಳುವುದಕ್ಕೆ ಯಾವ ಆಗಮದಲ್ಲಿಯೂ ಅಹಿಂಸೆಯೆಂಬ ಹೆಸರಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆ. ಕೈಯಲ್ಲಿ ದೊಣ್ಣೆ ಇತ್ತೇ ಇಲ್ಲವೇ ಎಂಬ ಪ್ರಶ್ನೆಗಿಂತ ಎಚ್ಚರ ಇತ್ತೇ ಇಲ್ಲವೇ ಎಂಬ ಪ್ರಶ್ನೆ ಅಲ್ಲಿ ಮುಖ್ಯ. ಅದೇ ಅಧ್ಯಾಯ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಅಂದರೆ ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರು ತಡೆಯುವುದು. ಇಲ್ಲಿ ವಧವೆಂದರೆ ಹೊಡೆತವೇ ಹೊರತು ಕೊಲೆಯಲ್ಲ. ಪ್ರಾಣ ತೆಗೆಯದ ಪೀಡೆಯೂ ವ್ರತಕ್ಕೆ ಕಳಂಕವೆಂದೇ ಆಚಾರ್ಯರು ಈ ಐದನ್ನು ಎಣಿಸಿದರು. ನಾಯಿಯನ್ನು ಇಪ್ಪತ್ತನಾಲ್ಕು ಗಂಟೆ ಗಿಡ್ಡ ಸರಪಳಿಯಲ್ಲಿಡುವವನು ಮೊದಲನೆಯ ಅತಿಚಾರಕ್ಕೂ, ಅಂದಕ್ಕಾಗಿ ಬಾಲ ಮತ್ತು ಕಿವಿ ಕತ್ತರಿಸಿದ ಮರಿಯನ್ನು ಬೇಡುವವನು ಮೂರನೆಯದಕ್ಕೂ, ಹಳ್ಳಿಯಂಚಿನಲ್ಲಿ ಬಿಟ್ಟುಬರುವವನು ಐದನೆಯದಕ್ಕೂ ಗುರಿಯಾಗುತ್ತಾನೆ.

ದೇಶದ ಕಾನೂನೂ ಹೀಗೆಯೇ ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮು, ಅತಿ ಗಿಡ್ಡ ಸರಪಳಿಯಲ್ಲಿ ಬಹುಕಾಲ ಕಟ್ಟುವುದನ್ನೂ, ಸದಾ ಕಟ್ಟಿಟ್ಟ ನಾಯಿಗೆ ಓಡಾಟ ಕೊಡದಿರುವುದನ್ನೂ, ಹಸಿವು ಬಾಯಾರಿಕೆಗೆ ಈಡಾಗುವಂತೆ ಪ್ರಾಣಿಯನ್ನು ತೊರೆಯುವುದನ್ನೂ ಅಪರಾಧವೆಂದು ಎಣಿಸುತ್ತದೆ. ಮೊದಲ ಅಪರಾಧಕ್ಕೆ ಆ ಕಾಯಿದೆ ವಿಧಿಸಿದ ದಂಡ 10ರಿಂದ 50 ರೂಪಾಯಿ. ಐವತ್ತು ರೂಪಾಯಿಗೆ ಅಂಜದವನು ಕರ್ಮಬಂಧಕ್ಕಾದರೂ ಅಂಜಬೇಡವೆ?

ಸಾಧುವಾದ ನಾಯಿ ಇದ್ದಕ್ಕಿದ್ದಂತೆ ಕ್ರೂರವಾಯಿತೆಂಬ ಮಾತನ್ನೂ ಪರಿಶೀಲಿಸಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಹಠಾತ್ತಾದುದು ನಾಯಿಯ ಸ್ವಭಾವವಲ್ಲ, ಮನೆಯವರ ಗಮನ. ಕಿವಿಯೊಳಗಿನ ಸೋಂಕು, ಕೊಳೆತ ದವಡೆಹಲ್ಲು, ಸೊಂಟದ ಕೀಲುನೋವು, ಬೆನ್ನುಮೂಳೆಯ ಬಾಧೆ ಇವೆಲ್ಲ ಮುಟ್ಟಿದೊಡನೆ ಕಚ್ಚಿಸುವ ನೋವುಗಳು. ನಾಯಿಗೆ ನರಳಿ ಹೇಳುವ ಭಾಷೆಯಿಲ್ಲ. ಗುರುಗುಟ್ಟುವುದೇ ಅದರ ನಿವೇದನೆ. ಗುರುಗುಟ್ಟಿದಾಗಲೆಲ್ಲ ಹೊಡೆದು ಬಾಯಿ ಮುಚ್ಚಿಸಿದ ನಾಯಿ ಮುಂದೆ ಎಚ್ಚರಿಕೆ ಕೊಡದೆಯೇ ಕಚ್ಚಲು ಕಲಿಯುತ್ತದೆ. ಮುಪ್ಪಿನಲ್ಲಿ ಕಣ್ಣು ಕಿವಿ ಮಂದವಾದ ನಾಯಿ, ಹಿಂದಿನಿಂದ ಬಂದು ಮುಟ್ಟಿದವರು ಯಾರೆಂದು ತಿಳಿಯದೆ ಬೆಚ್ಚಿ ಹಲ್ಲು ತಗುಲಿಸುತ್ತದೆ. ಥೈರಾಯ್ಡ್ ಗ್ರಂಥಿಯ ಕೊರತೆ, ಮೂರ್ಛೆರೋಗ, ಮೆದುಳಿನ ಗಡ್ಡೆ, ಡಿಸ್ಟೆಂಪರ್ ಎಂಬ ಸೋಂಕು ಇವೂ ಸ್ವಭಾವವನ್ನು ಕೆಡಿಸಬಲ್ಲವು. ಪಶುವೈದ್ಯರ ಮೇಜಿನ ಮೇಲೆ ಇತ್ಯರ್ಥವಾಗಬೇಕಾದ ಪ್ರಶ್ನೆಯನ್ನು ಬಂಗಾರಪೇಟೆಯ ರಸ್ತೆಯಂಚಿನಲ್ಲಿ ಇತ್ಯರ್ಥ ಮಾಡುವುದು ಅನ್ಯಾಯ.

ಪ್ರದೇಶದ ಜೀವನಕ್ರಮವೂ ಇದರಲ್ಲಿ ಪಾಲುದಾರ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಈ ಊರಿನ ಬದುಕು ರೈಲಿನ ವೇಳಾಪಟ್ಟಿಗೆ ಅಂಟಿಕೊಂಡಿತು. ಮಾರಿಕುಪ್ಪಂ, ಊರಿಗಾಂ, ಕೋರಮಂಡಲ್ ನಿಲ್ದಾಣಗಳಿಂದ ನಸುಕಿನಲ್ಲಿ ಬೆಂಗಳೂರಿಗೆ ಹೊರಟವರು ಮರಳುವುದು ಕತ್ತಲಾದ ಮೇಲೆ. ಅಂಥ ಮನೆಯ ನಾಯಿಗೆ ದಿನವಿಡೀ ಸರಪಳಿಯೇ ಸಂಗಾತಿ. ದೀಪಾವಳಿಯ ಪಟಾಕಿಯ ವಿಷಯವಂತೂ ಇನ್ನೂ ಶೋಚನೀಯ. ಭಗವಾನ್ ಮಹಾವೀರರ ನಿರ್ವಾಣದ ಪುಣ್ಯದಿನದಂದೇ, ಮನುಷ್ಯನಿಗಿಂತ ಬಹಳ ಸೂಕ್ಷ್ಮವಾದ ಕಿವಿಯುಳ್ಳ ಪ್ರಾಣಿಯನ್ನು ಮಂಚದಡಿ ನಡುಗುವಂತೆ ಮಾಡಿ, ಆಮೇಲೆ ಅದು ಭಯದಿಂದ ಕಚ್ಚಿದರೆ ಕ್ರೂರಿಯೆಂದು ದೂರುವುದು ಯಾವ ನ್ಯಾಯ?

ಆದರೆ ಕರುಣೆಯ ಹೆಸರಿನಲ್ಲಿ ಅಪಾಯವನ್ನು ಮರೆಮಾಚುವುದೂ ಪ್ರಮಾದವೇ. ಸ್ವಭಾವದ ಹಠಾತ್ ಬದಲಾವಣೆ ರೇಬೀಸ್ ರೋಗದ ಮೊದಲ ಲಕ್ಷಣವೂ ಆಗಿರಬಹುದು. ಸಾಧುನಾಯಿ ಸಿಡುಕುವುದು, ದೂರ ನಿಲ್ಲುತ್ತಿದ್ದ ನಾಯಿ ಅತಿಯಾಗಿ ಮೈಮೇಲೆ ಬೀಳುವುದು, ಬೊಗಳುವ ದನಿ ಕೆಡುವುದು, ದವಡೆ ಜೋಲುವುದು, ನುಂಗಲಾಗದೆ ಜೊಲ್ಲು ಸುರಿಯುವುದು ಇವು ಭಯಪಡಬೇಕಾದ ಚಿಹ್ನೆಗಳು. ಲಕ್ಷಣಗಳು ಕಾಣುವುದಕ್ಕೆ ಕೆಲವು ದಿನ ಮುಂಚೆಯೇ ವಿಷಾಣು ಜೊಲ್ಲಿನಲ್ಲಿರುತ್ತದೆ. ಮನುಷ್ಯನಲ್ಲಿ ಈ ರೋಗ ಒಮ್ಮೆ ತಲೆದೋರಿತೆಂದರೆ ಬದುಕುವುದು ಅಪರೂಪದಲ್ಲಿ ಅಪರೂಪ. ಕರ್ನಾಟಕ ಸರ್ಕಾರವು 2022ರಲ್ಲಿ ಮನುಷ್ಯರ ರೇಬೀಸನ್ನು ಅಧಿಸೂಚಿತ ರೋಗವೆಂದು ಘೋಷಿಸಿದ್ದು ಸುಮ್ಮನೆ ಅಲ್ಲ.

ಆದುದರಿಂದ ಕಚ್ಚಿದ ಕೂಡಲೇ ಮಾಡಬೇಕಾದುದು ಸ್ಪಷ್ಟ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದನ್ನೂ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಚುಚ್ಚಿಸಬೇಕು. ನಾಯಿಯನ್ನು ಕಳೆದುಕೊಳ್ಳದೆ, ಪ್ರತ್ಯೇಕವಾಗಿ ಭದ್ರವಾದ ಸ್ಥಳದಲ್ಲಿಟ್ಟು 10 ದಿನ ನೋಡಬೇಕು. ಹತ್ತು ದಿನ ಕಳೆದ ಮೇಲೂ ಅದು ಆರೋಗ್ಯವಾಗಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲವೆಂದು ತಿಳಿಯುತ್ತದೆ. ನಾಯಿಯನ್ನು ನಸುಕಿನಲ್ಲಿ ಬಿಟ್ಟುಬಂದ ಮನೆ ತನ್ನ ಮಗುವಿನ ಪಾಲಿಗೆ ಅತ್ಯಗತ್ಯವಾದ ಈ ಸಾಕ್ಷ್ಯವನ್ನೇ ಎಸೆದು ಬಂದಿರುತ್ತದೆ. ಪ್ರಾಣಿದಯೆ ಮತ್ತು ಮಗುವಿನ ರಕ್ಷಣೆ ಇಲ್ಲಿ ಎರಡು ದಾರಿಗಳಲ್ಲ. ಎರಡೂ ಕೇಳುವುದು ಒಂದನ್ನೇ, ನಾಯಿ ಮನೆಯಲ್ಲಿಯೇ ಇರಲಿ ಎಂಬುದನ್ನು.

ಲಸಿಕೆಯ ವಿಷಯದಲ್ಲಿ ಕೆಲವು ಹಿರಿಯರಿಗೆ ಸಂಕೋಚವಿದೆ. ಅದು ನಿರಾಧಾರವಾದುದಲ್ಲ. 1907ರಲ್ಲಿ ಸ್ಥಾಪಿತವಾದ ಕೂನೂರಿನ ಪಾಶ್ಚರ್ ಸಂಸ್ಥೆಯೂ ಸೇರಿದಂತೆ ದೇಶದ ಹಲವು ಕಡೆ ತಯಾರಾಗುತ್ತಿದ್ದ ಹಳೆಯ ಲಸಿಕೆ ಕುರಿಯ ಮೆದುಳಿನಿಂದ ಬರುತ್ತಿತ್ತು. ಹೊಟ್ಟೆಯ ಮೇಲೆ ಹಲವು ಸೂಜಿಗಳ ಯಾತನೆಯೂ ಇತ್ತು. ಭಾರತ 2004ರ ಕೊನೆಗೆ ಅದನ್ನು ಕೈಬಿಟ್ಟಿತು. ಈಗಿನವು ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಬೆಳೆಸಿದ ಲಸಿಕೆಗಳು. ಇವು ಪ್ರಾಣಿಮೂಲದಿಂದ ಪೂರ್ಣ ಮುಕ್ತವೆಂದು ಹೇಳುವುದು ಸತ್ಯವ್ರತಕ್ಕೆ ಸಲ್ಲದು. ಆದರೆ ಶ್ರಾವಕನು ಸಂಪೂರ್ಣವಾಗಿ ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆಯನ್ನು. ಪ್ರಾಣರಕ್ಷಣೆಗಾಗಿ ಔಷಧ ತೆಗೆದುಕೊಳ್ಳುವುದು ಆ ಕಕ್ಷೆಗೆ ಬಾರದು. ಪೂರ್ವಕರ್ಮವೆಂದು ಹೇಳಿ ಮಗುವಿನ ಲಸಿಕೆ ತಪ್ಪಿಸುವವನು ಕರ್ಮಸಿದ್ಧಾಂತವನ್ನು ಪುರುಷಾರ್ಥದಿಂದ ಬೇರ್ಪಡಿಸಿ ಹೇಡಿತನದ ಹೊದಿಕೆಯಾಗಿ ಮಾಡಿಕೊಂಡವನು.

ಇನ್ನು ಕೆಲವರು ದೋಷವನ್ನು ತಳಿಯ ಮೇಲೆ ಹೊರಿಸುತ್ತಾರೆ. ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆಯು 2024ರ ಮಾರ್ಚ್‌ನಲ್ಲಿ ಪಿಟ್‌ಬುಲ್, ರಾಟ್‌ವೀಲರ್ ಮುಂತಾದ 23 ತಳಿಗಳನ್ನು ಅಪಾಯಕಾರಿಯೆಂದು ಪಟ್ಟಿಮಾಡಿ, ಅವುಗಳ ಸಾಕಣೆಯನ್ನು ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ್ದೆಂಬ ಆಕ್ಷೇಪವನ್ನು ವಿಚಾರಿಸಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದೇ ಏಪ್ರಿಲ್‌ನಲ್ಲಿ ಆ ಸುತ್ತೋಲೆಯನ್ನು ರದ್ದುಪಡಿಸಿತು. ದೊಡ್ಡ ದವಡೆಯ ನಾಯಿಯ ಕಡಿತ ಹೆಚ್ಚು ಘೋರವೆಂಬುದು ನಿಜ. ಆದ್ದರಿಂದ ಅದರ ಯಜಮಾನನ ಹೊಣೆಯೂ ಹೆಚ್ಚು. ಆದರೆ ಪೊಮೇರಿಯನ್ನೂ ಕಚ್ಚುತ್ತದೆ, ಬೀದಿಯ ನಾಯಿಯೂ ತಲೆಬಾಗಿ ಬದುಕುತ್ತದೆ. ಹುಟ್ಟಿನಿಂದಲೇ ದೋಷ ಹೊರಿಸುವ ವಾದವನ್ನು ಮನುಷ್ಯರ ವಿಷಯದಲ್ಲಿ ತಿರಸ್ಕರಿಸಿದ ಧರ್ಮವು ಮೂಕಪ್ರಾಣಿಯ ವಿಷಯದಲ್ಲಿ ಅದನ್ನು ಹೇಗೆ ಒಪ್ಪೀತು?

ಹಿಂಸ್ರಪ್ರಾಣಿಗಳ ಪೋಷಣೆಯನ್ನೇ ಶ್ರಾವಕಾಚಾರವು ನಿರುತ್ಸಾಹಗೊಳಿಸುತ್ತದೆ, ನಾಯಿಯ ಗೊಡವೆಯೇ ಬೇಡ ಎನ್ನುವವರೂ ಇದ್ದಾರೆ. ಅದು ನಾಯಿಯನ್ನು ತರುವ ಮುನ್ನ ಕೇಳಬೇಕಾದ ಉಪದೇಶ. ತಂದು ಎಂಟು ವರ್ಷ ಕಾವಲು ಕಾಯಿಸಿಕೊಂಡ ಮೇಲೆ ಅದನ್ನು ನೆನಪಿಸಿಕೊಳ್ಳುವುದು ಸಾಲ ತೀರಿಸುವ ದಿನ ಸಾಲವೇ ಪಾಪವೆಂದಂತೆ.

ಕನ್ನಡದ ಜೈನಕಾವ್ಯಗಳನ್ನು ಬಲ್ಲವರಿಗೆ ಈ ವಿಷಯ ಹೊಸದಲ್ಲ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ, ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಮಗ ಯಶೋಧರನು ನವಿಲಾಗಿಯೂ ತಾಯಿ ಚಂದ್ರಮತಿಯು ನಾಯಿಯಾಗಿಯೂ ಹುಟ್ಟಿ ತಮ್ಮದೇ ಅರಮನೆಗೆ ಬರುತ್ತಾರೆ. ಅರಮನೆಯ ನಾಯಿ ಒಂದು ದಿನ ನವಿಲಿನ ಮೇಲೆರಗುತ್ತದೆ. ಸಿಟ್ಟಿಗೆದ್ದ ಅರಸ ಯಶೋಮತಿ ನಾಯಿಯನ್ನು ಹೊಡೆದು ಕೊಲ್ಲುತ್ತಾನೆ. ಆ ಕ್ಷಣದ ಕೋಪದಲ್ಲಿ ಅವನು ಕೊಂದದ್ದು ತನ್ನ ಅಜ್ಜಿಯನ್ನು. ಭಾಸ್ಕರ ಕವಿಯು 1424ರಲ್ಲಿ ರಚಿಸಿದ ಜೀವಂಧರ ಚರಿತೆಯ ನಾಯಕನ ನಡೆ ಇದಕ್ಕೆ ಪ್ರತಿಯಾದುದು. ಜನರ ಹೊಡೆತಕ್ಕೆ ಸಿಕ್ಕಿ ಸಾಯುತ್ತಿದ್ದ ನಾಯಿಯ ಬಳಿ ಕುಳಿತು ಜೀವಂಧರನು ಅದರ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳುತ್ತಾನೆ. ಆ ಜೀವ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾಗುತ್ತದೆ. ಸಾಯುವ ನಾಯಿಯ ಕಿವಿಗೆ ಮಂತ್ರ ಹೇಳಿದವನ ಕಥೆಯನ್ನು ಮಕ್ಕಳಿಗೆ ಹೇಳುವ ಸಮಾಜ, ಬದುಕಿರುವ ನಾಯಿಯ ಕಿವಿಯಲ್ಲಿ ಕೀವಿದೆಯೇ ಎಂದು ನೋಡಲಾರದೆ?

ವೈದ್ಯರಿಂದಲೂ ಗುಣವಾಗದ ಸ್ಥಿತಿಯೊಂದು ಉಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ಬೀದಿನಾಯಿಗಳ ಕುರಿತ ಕೇಂದ್ರದ ನಿಯಮಗಳು ಸಹ ರೇಬೀಸ್ ಶಂಕಿತ ನಾಯಿಯನ್ನು ಪ್ರತ್ಯೇಕಿಸಿ ಸಹಜ ಮರಣದವರೆಗೆ ಇಡಬೇಕೆನ್ನುತ್ತವೆ. ಯಾರಿಗೂ ತಗುಲದ ಸುರಕ್ಷಿತ ಕೋಣೆ, ಕೈ ತಾಗದಂತೆ ನೀರು, ಕತ್ತಲು, ಮೌನ ಇವಿಷ್ಟನ್ನು ಒದಗಿಸುವುದು ವ್ರತಿಗೆ ಉಳಿದಿರುವ ಕರ್ತವ್ಯ. ಅದು ಸುಲಭವಲ್ಲ. ಸುಲಭವಾದುದೇ ಧರ್ಮವಾಗಿದ್ದರೆ ವ್ರತಗಳ ಅಗತ್ಯವಿರಲಿಲ್ಲ.

ಈ ಹೊರೆಯನ್ನು ಒಂದೊಂದು ಮನೆಯೇ ಹೊರಲಾಗದು. ಇಲ್ಲಿಯೇ ಬಸದಿ ಹಾಗೂ ಮಂದಿರಗಳ ಟ್ರಸ್ಟುಗಳು ಮುಂದೆ ಬರಬೇಕು. ಜೀವದಯೆಯ ನಿಧಿ ಎಲ್ಲ ಕಡೆಯೂ ಉಂಟು. ಅದರ ಹೆಚ್ಚಿನ ಭಾಗ ಗೋಶಾಲೆಗೂ ಪಾರಿವಾಳದ ಕಾಳಿಗೂ ಸಲ್ಲುತ್ತದೆ. ಅದರಲ್ಲಿ ಒಂದು ಪಾಲನ್ನು ತೆಗೆದಿಟ್ಟು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬಂಗಾರಪೇಟೆಗಳಲ್ಲಿ ವರ್ಷಕ್ಕೊಮ್ಮೆ ಸಾಕುನಾಯಿಗಳಿಗೂ ಬೀದಿನಾಯಿಗಳಿಗೂ ಲಸಿಕೆ ಹಾಕಿಸಲು ತಡೆಯೇನು? ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಪರ್ಯುಷಣವೂ ಬಹುತೇಕ ಅದೇ ಋತುವಿನಲ್ಲಿ ಬರುತ್ತದೆ. ಕಚ್ಚಿದ ನಾಯಿಯನ್ನು ಹತ್ತು ದಿನ ನೋಡಿಕೊಳ್ಳಲು ಎರಡು ಗಟ್ಟಿ ಕೋಣೆ, ತಿಂಗಳಿಗೊಮ್ಮೆ ಪಶುವೈದ್ಯರ ಭೇಟಿ ಇವು ಒಂದು ಪಂಚಕಲ್ಯಾಣದ ಚಪ್ಪರದ ಖರ್ಚಿನಲ್ಲಿ ಆಗುವ ಕೆಲಸಗಳು.

ಪರ್ಯುಷಣದ ಕೊನೆಗೆ ಪ್ರತಿಯೊಬ್ಬ ಶ್ರಾವಕನೂ ಎಂಬತ್ತನಾಲ್ಕು ಲಕ್ಷ ಜೀವಯೋನಿಗಳ ಕ್ಷಮೆ ಬೇಡುತ್ತಾನೆ. ಅಷ್ಟು ಜೀವಗಳಲ್ಲಿ ಅವನ ಹೆಸರನ್ನು, ಅವನ ಹೆಜ್ಜೆಯ ಸದ್ದನ್ನು ಬಲ್ಲ ಜೀವ ಒಂದೇ ಒಂದು ಹಿತ್ತಲಲ್ಲಿ ಕಟ್ಟಿಬಿದ್ದಿರುತ್ತದೆ. ಈ ವರ್ಷದ ಕ್ಷಮಾಪಣೆ ಅಲ್ಲಿಂದ ಆರಂಭವಾಗಲಿ: ಸರಪಳಿ ಬಿಚ್ಚಲಿ, ಬಿಟ್ಟುಬರುವುದಕ್ಕಲ್ಲ, ವೈದ್ಯರ ಬಳಿಗೆ ಕರೆದೊಯ್ಯುವುದಕ್ಕೆ.