ಮದುವೆಗೆ ಛಾಯಾಗ್ರಾಹಕರನ್ನು ಗೊತ್ತುಪಡಿಸುವ ಮುನ್ನ



ಮನೆಯಲ್ಲಿ ಮದುವೆ ನಿಶ್ಚಯವಾದೊಡನೆ ಕಲ್ಯಾಣಮಂಟಪ, ಅಡುಗೆಯವರು, ಲಗ್ನಪತ್ರಿಕೆ, ಜವಳಿ ಎಂದು ಹಿರಿಯರು ಒಂದೊಂದನ್ನೂ ತಾವೇ ಮುಂದೆ ನಿಂತು ಗೊತ್ತುಮಾಡುತ್ತಾರೆ. ಒಂದು ಸೀರೆಯ ಆಯ್ಕೆಗೆ ಅರ್ಧ ದಿನ ಕಳೆಯುವ ನಾವು, ಛಾಯಾಗ್ರಾಹಕರ ವಿಷಯ ಬಂದಾಗ ಮಾತ್ರ ‘ಯಾರಿಗಾದರೂ ಹೇಳಿಬಿಡಿ’ ಎಂದು ಸುಮ್ಮನಾಗುತ್ತೇವೆ. ಚಪ್ಪರ ಮರುದಿನವೇ ಇಳಿಯುತ್ತದೆ. ಊಟ ಒಂದು ಹೊತ್ತಿನಲ್ಲಿ ಮುಗಿಯುತ್ತದೆ. ಮೂವತ್ತು ವರ್ಷಗಳ ಅನಂತರವೂ ಮನೆಯಲ್ಲಿ ಉಳಿಯುವುದು ಆ ದಿನದ ಚಿತ್ರಗಳು.

ಈ ಮಾತನ್ನು ನಾವು ನಷ್ಟಪಟ್ಟು ಕಲಿತಿದ್ದೇವೆ. 2011ರಲ್ಲಿ ನಮ್ಮ ಹಿರಿಯ ಮಗಳ ಮದುವೆಯಾಯಿತು. ನಮ್ಮ ತಾಯಿಯವರಿಗೆ ಆಗ ಎಂಬತ್ತನಾಲ್ಕು. ವೇದಿಕೆಯ ಮೆಟ್ಟಿಲು ಹತ್ತಲಾರದೆ ಮುಂದಿನ ಸಾಲಿನಲ್ಲಿಯೇ ಕುಳಿತು ಮೊಮ್ಮಗಳನ್ನು ಹರಸಿದರು. ಮರುವರ್ಷ ಅವರು ಲಿಂಗೈಕ್ಯರಾದಾಗ, ಅಜ್ಜಿ ಮೊಮ್ಮಗಳು ಜೊತೆಯಾಗಿರುವ ಒಂದು ಚಿತ್ರಕ್ಕಾಗಿ ದಪ್ಪನೆಯ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದೆವು. ಮಂಟಪದ ಅಲಂಕಾರವಿತ್ತು, ಒಡವೆಗಳಿದ್ದವು, ಮೆಹಂದಿಯ ಕೈಗಳಿದ್ದವು. ತಾಯಿಯವರು ಮಾತ್ರ ಯಾರದೋ ಭುಜದ ಹಿಂದೆ ಅರ್ಧ ಮುಖವಾಗಿ ಒಂದೇ ಕಡೆ ಇದ್ದರು. ಛಾಯಾಗ್ರಾಹಕರನ್ನು ದೂರಲಾರೆವು. ಆ ವೃದ್ಧೆ ಯಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅದೇ ಮದುವೆಯ ಇನ್ನೊಂದು ನೆನಪೂ ಇದೆ. ಮಾಂಗಲ್ಯಧಾರಣೆಯ ಹೊತ್ತಿಗೆ ಕ್ಯಾಮೆರಾ ಹಿಡಿದ ನಾಲ್ವರು ವಧೂವರರನ್ನು ಸುತ್ತುವರಿದರು. ಹರಸಲು ಬಂದ ನೂರಾರು ಜನ ಕಂಡದ್ದು ಅವರ ಬೆನ್ನನ್ನು. ‘ಇನ್ನೊಮ್ಮೆ ಹಿಡಿಯಿರಿ’ ಎಂದು ವರನಿಗೆ ಅಪ್ಪಣೆಯಾಯಿತು. ಗುರುಗಳು ಕಾದು ನಿಂತರು. ನಾವೂ ಮೌನವಾಗಿಯೇ ಇದ್ದೆವು. ಛಾಯಾಗ್ರಾಹಕರು ಸಂಸ್ಕಾರಕ್ಕೆ ಸಾಕ್ಷಿಯಾಗಬೇಕು, ಸೂತ್ರಧಾರರಾಗಬಾರದು. ಅಂಥವರನ್ನು ಆರಿಸುವ ಹೊಣೆಯೂ, ನಮ್ಮವರು ಯಾರೆಂದು ಅವರಿಗೆ ತಿಳಿಸುವ ಹೊಣೆಯೂ ಗೃಹಸ್ಥರಾದ ನಮ್ಮದೇ.

ಆರಿಸುವುದು ಹೇಗೆ? ಅವರು ಹೆಮ್ಮೆಯಿಂದ ತೋರಿಸುವ ಇಪ್ಪತ್ತು ಚಿತ್ರಗಳನ್ನು ನೋಡಿ ಮರುಳಾಗಬಾರದು. ಯಾವುದಾದರೊಂದು ಮದುವೆಯ ಚಿತ್ರಗಳನ್ನು, ಆ ಮನೆಯವರ ಒಪ್ಪಿಗೆಯಿದ್ದರೆ, ಮೊದಲಿನಿಂದ ಕೊನೆಯವರೆಗೆ ನೋಡಬೇಕು. ವೃದ್ಧರೂ ಮಕ್ಕಳೂ ಅಲ್ಲಿ ಇದ್ದಾರೆಯೇ? ಮಂಟಪದ ಬಣ್ಣದ ದೀಪಗಳ ನಡುವೆಯೂ ಮುಖಗಳು ಸಹಜವಾಗಿವೆಯೇ? ಶ್ಯಾಮಲವರ್ಣದ ವಧುವನ್ನು ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿಕೊಡುವವರಿಂದ ದೂರವಿರುವುದು ಲೇಸು; ನಮ್ಮ ಮಗಳ ಮುಖ ನಮಗೆ ಇದ್ದಂತೆಯೇ ಬೇಕು.

ಒಳ್ಳೆಯ ಮುಹೂರ್ತದ ದಿನ ಒಂದೇ ಸ್ಟುಡಿಯೋದವರು ಮೂರು ನಾಲ್ಕು ಮದುವೆಗಳನ್ನು ಒಪ್ಪಿಕೊಂಡಿರುವುದುಂಟು. ಆದುದರಿಂದ ಅಂದು ಬರುವವರು ಯಾರು ಎಂದು ಕೇಳಿ, ಅವರು ತೆಗೆದ ಚಿತ್ರಗಳನ್ನೇ ನೋಡಬೇಕು. ಎಷ್ಟು ದಿನ, ಎಷ್ಟು ಜನ, ಆಲ್ಬಮ್ಮಿಗೆ ಎಷ್ಟು ಹಾಳೆ, ಯಾವ ದಿನಾಂಕದೊಳಗೆ ಕೊಡುವರು, ಮುಂಗಡವೆಷ್ಟು, ಮದುವೆ ಮುಂದೆ ಹೋದರೆ ಏನು ಎಂಬಿವೆಲ್ಲ ಬರವಣಿಗೆಯಲ್ಲಿರಲಿ.

ಕಾನೂನಿನ ಒಂದು ಮಾತು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನಂತೆ, ನಮ್ಮ ಕೋರಿಕೆಯ ಮೇರೆಗೆ ಹಣ ಪಡೆದು ತೆಗೆದ ಛಾಯಾಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದು. ಆದಕಾರಣ ರುಜು ಹಾಕುವ ಮುನ್ನ ಕಾಗದವನ್ನು ಪೂರ್ತಿ ಓದಬೇಕು. ವಧುವಿನ ಚಿತ್ರವನ್ನು ಎರಡೂ ಮನೆಯವರ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸಬಾರದೆಂದು ಸ್ಪಷ್ಟವಾಗಿ ಬರೆಸಬೇಕು.

ಚಿತ್ರಗಳ ರಕ್ಷಣೆಯೂ ಮುಖ್ಯ. ಒಂದೇ ವೇಳೆಗೆ ಎರಡು ಮೆಮರಿ ಕಾರ್ಡುಗಳಲ್ಲಿ ದಾಖಲಿಸುವ ಕ್ಯಾಮೆರಾಗಳಿವೆ. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಅಂಥದ್ದು ಅವರಲ್ಲಿದೆಯೇ ಎಂದು ವಿಚಾರಿಸಿ. ಅನಂತರ ಎಲ್ಲ ಚಿತ್ರಗಳ ಪ್ರತಿ ಪಡೆದು, ಒಂದನ್ನು ತವರುಮನೆಯಲ್ಲಿ, ಒಂದನ್ನು ಗಂಡನ ಮನೆಯಲ್ಲಿ ಇಡಿ. ನೂರು ಚಿತ್ರಗಳನ್ನಾದರೂ ಕಾಗದದ ಮೇಲೆ ಮುದ್ರಿಸಿಕೊಳ್ಳಿ.

ಮದುವೆಯ ಹಿಂದಿನ ದಿನ, ಚಿತ್ರದಲ್ಲಿ ಇರಲೇಬೇಕಾದ ಹತ್ತು ಹನ್ನೆರಡು ಜನರ ಪಟ್ಟಿಯನ್ನು ಛಾಯಾಗ್ರಾಹಕರ ಕೈಗೆ ಕೊಡಿ. ಬಂಧುಗಳನ್ನೆಲ್ಲ ಬಲ್ಲ ಒಬ್ಬ ಹುಡುಗನನ್ನು ಅವರ ಜೊತೆಗೆ ನಿಲ್ಲಿಸಿ. ಗುರುಗಳಿಗೂ ವಧೂವರರಿಗೂ ನಡುವೆ ನಿಲ್ಲಬಾರದು, ಇಷ್ಟಲಿಂಗ ಪೂಜೆಯ ವೇಳೆ ಕಣ್ಣಿಗೆ ಬೆಳಕು ಬಿಡಬಾರದು, ಚಿತ್ರಕ್ಕಾಗಿ ಕ್ರಿಯೆಯನ್ನು ತಡೆಯಬಾರದು ಎಂದು ಮೊದಲೇ ವಿನಯದಿಂದ ತಿಳಿಸಿ. ಹಿಂದೆ ಚೌಕ ಚಿತ್ರದ ಒಂದು ರೋಲಿಗೆ ಹನ್ನೆರಡೇ ಚಿತ್ರ. ಛಾಯಾಗ್ರಾಹಕರು ಆ ಕ್ಷಣಕ್ಕಾಗಿ ಕಾಯುತ್ತಿದ್ದರು. ಇಂದು ಸಾವಿರಾರು ತೆಗೆಯಬಹುದು, ಆದರೂ ಕಾಯುವ ಗುಣ ಬೇಕೇ ಬೇಕು.

ಡ್ರೋನು, ಮದುವೆಗೆ ಮುಂಚಿನ ಚಿತ್ರೀಕರಣ ಇವುಗಳಿಗಾಗಿ ಸಾಲ ಮಾಡುವುದು ತರವಲ್ಲ. ಅನುಭವಸ್ಥರಾದ ಒಬ್ಬರು ಸಾಕು. ಹಾಗೆಯೇ ಅವರದೂ ಕಾಯಕವೆಂಬುದನ್ನು ಮರೆಯದಿರೋಣ. ಬೆಳಗಿನ ಜಾವದಿಂದ ನಿಂತೇ ದುಡಿದವರನ್ನು ಕೊನೆಯ ಪಂಕ್ತಿಗೆ ತಳ್ಳುವುದೂ, ಕೆಲಸ ಮುಗಿದ ಮೇಲೆ ಹಣಕ್ಕೆ ಚೌಕಾಶಿ ಮಾಡುವುದೂ ಶರಣರ ಮನೆಗೆ ಶೋಭೆಯಲ್ಲ.

2017ರಲ್ಲಿ ಕಿರಿಯ ಮಗನ ಮದುವೆಯಲ್ಲಿ ನಾವು ಇಷ್ಟನ್ನೂ ಪಾಲಿಸಿದೆವು. ಪಟ್ಟಿಯ ಮೊದಲ ಹೆಸರು ನಮ್ಮ ಸೋದರಮಾವನವರದು. ವಧೂವರರೇ ವೇದಿಕೆಯಿಂದ ಇಳಿದು ಅವರ ಪಾದಕ್ಕೆರಗಿದಾಗ, ಛಾಯಾಗ್ರಾಹಕರು ದೂರದಲ್ಲಿಯೇ ನಿಂತು ಒಂದು ಚಿತ್ರ ತೆಗೆದರು. ಮಾವನವರು ಇಂದು ನಮ್ಮೊಡನಿಲ್ಲ. ಆ ಚಿತ್ರ ನಮ್ಮ ಪಡಸಾಲೆಯಲ್ಲಿದೆ. ಅದರ ಪಕ್ಕದಲ್ಲಿ ತಾಯಿಯವರ ಚಿತ್ರಕ್ಕೆಂದು ಬಿಟ್ಟ ಜಾಗ ಬರಿದಾಗಿಯೇ ಇದೆ. ನಿಮ್ಮ ಮನೆಯ ಗೋಡೆ ಹಾಗಾಗದಿರಲಿ.